ಎಂಜಿನ್ ಸದ್ದು ನುಂಗಿದ ಅಕ್ಷರ

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಕೆಂಪು ಹುಂಜ ಕೂಗುವ ಮೊದಲೇ ನನಗೆ ಎಚ್ಚರವಾಗಿತ್ತು. ನವೆಂಬರಿನ ಮೊದಲ ದಿನಗಳು. ಸಾಗರ ಪೇಟೆಯಲ್ಲಿ ಮಳೆ ಹಿಂದೆ ಸರಿದು, ಹಿತ್ತಲ ಬಾಗಿಲು ತೆರೆದರೆ ಮಂಜು ನೇರ ಅಡುಗೆಮನೆಗೇ ಬರುವ ಕಾಲ. ಬಚ್ಚಲ ಹಂಡೆಯ ನೀರು ಇನ್ನೂ ಉಗುರುಬೆಚ್ಚಗಿತ್ತು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆಗೈಯಲ್ಲಿ ತಲೆ, ಕೊನೆಗೆ ಪಾದ, ಈ ಕ್ರಮದಲ್ಲಿ ತೊಳೆದುಕೊಂಡು ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ನಮಾಜು ಮುಗಿಸಿದೆ. ಆಮೇಲೆ ಎಂದಿನಂತೆ ಒಲೆ ಹಚ್ಚಿ ಬೆಲ್ಲದ ಕಾಫಿಗೆ ನೀರಿಟ್ಟೆ.

ಚಾಪೆಯನ್ನು ಸುತ್ತಿ ಕುರ್ಚಿಯ ಬೆನ್ನಿಗೆ ಹಾಕುವುದು ನನ್ನ ರೂಢಿ. ಆ ದಿನ ಮಾತ್ರ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಕಾಫಿ ಸೋಸುವಾಗ ಮನಸ್ಸು ಕೇಳಲಿಲ್ಲ, ಹೋಗಿ ತೆಗೆದು ಮತ್ತೆ ಕುರ್ಚಿಯ ಮೇಲೆ ಹಾಕಿದೆ. ನೀರುದೋಸೆಗೆ ಅಕ್ಕಿ ರುಬ್ಬಿ ಕೈ ತೊಳೆದುಕೊಂಡ ಮೇಲೆ ಇನ್ನೊಮ್ಮೆ ಡಬ್ಬದ ಹಿಂದೆ ಹೋಯಿತು. ಕೊನೆಗೆ ನನಗೇ ನಾಚಿಕೆಯಾಗಿ ಕುರ್ಚಿಯ ಮೇಲೇ ಬಿಟ್ಟೆ.

ಬರುವವಳಿದ್ದದ್ದು ನನ್ನ ಮಗಳು. ನನಗೆ ಅವಳೊಬ್ಬಳೇ. ತೀರ್ಥಹಳ್ಳಿಗೆ ಕೊಟ್ಟಿದ್ದೆವು. ವರ್ಷಕ್ಕೊಮ್ಮೆ ಈ ದಿನ, ಸತ್ತವರಿಗಾಗಿ ಇಗರ್ಜಿಯಲ್ಲಿ ಪೂಜೆ ನಡೆಯುವ ದಿನ, ಅವಳು ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ಇಬ್ಬರೂ ಸೇರಿ ಅವಳ ಅಪ್ಪನ ಸಮಾಧಿ ತೊಳೆದು ಹೂವಿಟ್ಟು, ಮೇಣದಬತ್ತಿ ಹಚ್ಚಿ ಬರುತ್ತಿದ್ದೆವು. ಮಧ್ಯಾಹ್ನ ಊಟ ಮಾಡಿ, ಹೊಸನಗರದ ಮೇಲೆ ಹೋಗುವ ಬಸ್ಸಿಗೆ ಅವಳು ಹಿಂತಿರುಗುತ್ತಿದ್ದಳು.

ಈ ಸಲ ಅವಳಿಗೆ ಒಂದು ಮಾತು ಹೇಳುವುದಿತ್ತು. ಹಿಂದಿನ ವಾರ ಹೊಸನಗರದಲ್ಲಿ, ನಾನು ಉಮ್ಮ ಎಂದು ಕರೆಯುವ ಬ್ಯಾರಿ ಹೆಂಗಸಿನ ಮನೆಯಲ್ಲಿ, ನಾನು ಕಲಿಮಾ ಹೇಳಿ ಮುಸಲ್ಮಾನಳಾಗಿದ್ದೆ. ಹೊಸನಗರದಲ್ಲಿ ಆದದ್ದು ತೀರ್ಥಹಳ್ಳಿಗೆ ತಲುಪಲು ಒಬ್ಬ ಕಂಡಕ್ಟರ್ ಸಾಕು. ಇನ್ನೊಬ್ಬರ ಬಾಯಿಂದ ಕೇಳುವ ಮೊದಲು ನನ್ನ ಬಾಯಿಂದಲೇ ಅವಳಿಗೆ ತಿಳಿಯಬೇಕಿತ್ತು. ಐವತ್ತು ದಾಟಿದ ವಿಧವೆಗೆ ಊರಿನವರು ಏನೆಂದರೂ ಅಷ್ಟರಲ್ಲೇ ಇದೆ. ಆದರೆ ಮಗಳು ಬಾಗಿಲು ಹಾಕಿಕೊಂಡರೆ ನಾನು ಹೋಗಿ ತಟ್ಟುವ ಬಾಗಿಲು ಬೇರೆ ಯಾವುದೂ ಇರಲಿಲ್ಲ.

ದೋಸೆ ಹಿಟ್ಟಿಗೆ ನೀರು ಬೆರೆಸುತ್ತಿದ್ದಾಗ ಬೇಲಿಯಾಚೆಯಿಂದ ಪಕ್ಕದ ಮನೆಯಾಕೆಯ ದನಿ ಬಂತು. ಮೊದಲು ಗೇಣಿ ಮಾಡಿಕೊಂಡಿದ್ದ ಮನೆತನದವರು. ಈಗ ಊರ ಹೊರಗೆ ಸ್ವಂತದ ಚೂರು ಗದ್ದೆಯಿತ್ತು, ಗಂಡ ಮರ ಕೊಯ್ಯುವ ಸಾಮಿಲ್ಲಿಗೆ ಹೋಗುತ್ತಿದ್ದ. ಆಕೆ ಕೋಳಿ ಸಾಕಿ ಮೊಟ್ಟೆಗಳನ್ನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕೊಡುತ್ತಿದ್ದಳು.

"ಬಾಯಮ್ಮಾ, ಮಗಳು ಬರ್ತಾಳಲ್ಲ ಇವತ್ತು? ಸೇವಂತಿಗೆ ಬೇಕಾದ್ರೆ ಕೊಯ್ಕೊಳ್ಳಿ. ನಂಗೇನು ಅದು, ಕೋಳಿ ಕೆದ್ರಿ ಹಾಳ್ಮಾಡ್ತವೆ."

ಬಾಯಮ್ಮ ಎಂದರೆ ನಾನು. ಕ್ರೈಸ್ತರ ಮನೆಯ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಮದುವೆಯಾಗಿ ಘಟ್ಟ ಹತ್ತಿದಂದಿನಿಂದ ತೀರ್ಥಹಳ್ಳಿಯಲ್ಲಿ, ಹೊಸನಗರದಲ್ಲಿ, ಸಾಗರದಲ್ಲಿ, ಎಲ್ಲೆಲ್ಲೂ ನಾನು ಬಾಯಮ್ಮನೇ. ಆಕೆಗೆ ವಿಷಯ ಇನ್ನೂ ಗೊತ್ತಿರಲಿಲ್ಲ. ನಾನು "ಕೊಯ್ಕೋತೀನಿ" ಎಂದೆ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ನಾನು ಒಂದು ಟೋಪಿಯಿಂದ ಎನ್ನಬೇಕು.

ನಮ್ಮವರು ಪಿ.ಡಬ್ಲ್ಯು.ಡಿ.ಯಲ್ಲಿ ಓವರ್‌ಸಿಯರ್ ಆಗಿದ್ದರು. ತೀರ್ಥಹಳ್ಳಿಯಿಂದ ಹೊಸನಗರಕ್ಕೆ ವರ್ಗವಾದದ್ದು ಲಿಂಗನಮಕ್ಕಿಯ ನೀರು ಏರುತ್ತಿದ್ದ ಕಾಲದಲ್ಲಿ. ಹಳೆಯ ರಸ್ತೆಗಳು ನೀರಿನಡಿಗೆ ಹೋಗುತ್ತಿದ್ದವು, ಹೊಸವು ಇನ್ನೂ ಆಗಬೇಕಿದ್ದವು. ಅವರು ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಮಗಳಿಗೆ ಆಗಲೇ ಮದುವೆಯಾಗಿತ್ತು. ನಾನು ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೂತು ಇಗರ್ಜಿಯ ಆಲ್ತಾರಿಗೆ, ಎಂದರೆ ಪೂಜಾಪೀಠಕ್ಕೆ, ಹಾಸುವ ಬಟ್ಟೆಗಳಿಗೆ ಕ್ರೋಶಾ ಅಂಚು ಹೆಣೆಯುತ್ತಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದವುಗಳಲ್ಲಿ ಕೈಗೆ ಪೂರ್ತಿ ಹತ್ತಿದ್ದು ಅದೊಂದೇ.

ಎದುರು ಮನೆ ಒಣಮೀನು ವ್ಯಾಪಾರದ ಬ್ಯಾರಿಗಳದ್ದು, ಕರಾವಳಿಯಿಂದ ಬಂದ ಮುಸಲ್ಮಾನರು. ಆ ಮನೆಯ ಯಜಮಾನಿಯನ್ನು ಬೀದಿಯೆಲ್ಲ ಉಮ್ಮ ಎನ್ನುತ್ತಿತ್ತು. ನನಗಿಂತ ಸ್ವಲ್ಪ ದೊಡ್ಡವರು. ಒಂದು ದಿನ ಬಂದು ನನ್ನ ಕಡ್ಡಿಯ ಓಟವನ್ನೇ ನೋಡುತ್ತ ನಿಂತು ಕೇಳಿದರು: "ಬಾಯಮ್ಮ, ಇದೇ ನೂಲಲ್ಲಿ ನಮ್ಮವರಿಗೊಂದು ಟೋಪಿ ಆಗ್ತದಾ? ಪೇಟೆಯದ್ದು ಒಂದು ಒಗೆತಕ್ಕೆ ತಮ್ಮ ತಲೆಗಿಂತ ಸಣ್ಣ ಆಗ್ತದೆ ಅಂತ ಬೈತಾ ಇರ್ತಾರೆ."

ಆಗದೆ ಏನು ಎಂದೆ. ನೆತ್ತಿಯಿಂದ ಶುರುಮಾಡಿ ಸುತ್ತು ಸುತ್ತಾಗಿ ಹೆಣೆಯುತ್ತ, ಪ್ರತಿ ಸುತ್ತಿನಲ್ಲೂ ಅಲ್ಲಲ್ಲಿ ಹೊಲಿಗೆ ಹೆಚ್ಚಿಸಿದರೆ ಅದು ತಾನಾಗಿಯೇ ಅಗಲವಾಗುತ್ತದೆ. ಸಿಸ್ಟರ್ ಕಲಿಸಿದ್ದು ನಾಲ್ಕು ಕಡೆ ಹೆಚ್ಚಿಸುವುದನ್ನು. ಹಾಗೇ ಮಾಡಿದೆ. ಅಂದವಾಗಿ ಬಂತು. ಉಮ್ಮ ಟೋಪಿಯನ್ನು ಮುಷ್ಟಿಯ ಮೇಲೆ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು. ಆಮೇಲೆ ಕೆಮ್ಮು ಬರುವಷ್ಟು ನಗತೊಡಗಿದರು.

"ಎಂತ ಬಾಯಮ್ಮ ಇದು! ಇದನ್ನು ಇಟ್ಟುಕೊಂಡು ನಮ್ಮವರು ಪಳ್ಳಿಗೆ ನಮಾಜಿಗೆ ಹೋದ್ರೆ, ಇವರು ಕೂತಿರುವಾಗ ಹಿಂದೆ ನಿಂತವರು ಎಂತ ನೋಡ್ಬೇಕು ಮಾರಾಯ್ತಿ?"

ನಾನು ಆಗ ನೋಡಿದೆ. ಹೆಚ್ಚಿಸಿದ ಹೊಲಿಗೆಗಳು ನೆತ್ತಿಯಿಂದ ನಾಲ್ಕು ಕಡೆಗೂ ಗೆರೆಯಾಗಿ ಇಳಿದು, ಟೋಪಿಯ ನಡುವೆ ಒಂದು ಶಿಲುಬೆ ಮೂಡಿತ್ತು. ಹುಡುಗಿಯಾಗಿದ್ದಾಗಿನಿಂದ ಅದೇ ಹೆಣಿಗೆ ಹೆಣೆದಿದ್ದೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ನನಗೂ ನಗು ತಡೆಯಲಿಲ್ಲ. ಬಿಚ್ಚಿ ಮತ್ತೆ ಹೆಣೆದೆ. ಆರು ಕಡೆ ಹೆಚ್ಚಿಸಿದರೆ ನಕ್ಷತ್ರವಾಯಿತು. ಕೊನೆಗೆ ಪ್ರತಿ ಸುತ್ತಿನಲ್ಲೂ ಹೆಚ್ಚಿಸುವ ಜಾಗವನ್ನು ಸರಿಸುತ್ತ ಹೋದಾಗ ಎಲ್ಲೂ ಗೆರೆ ಮೂಡದ ಗುಂಡನೆಯ ನೆತ್ತಿ ಬಂತು.

ಒಂದು ಟೋಪಿಯಿಂದ ಯಾರ ಮತವೂ ಬದಲಾಗುವುದಿಲ್ಲ. ಆದರೆ ಆ ನೆಪದಲ್ಲಿ ನಾನು ಆ ಮನೆಯ ಒಳಗೆ ಹೋಗಿ ಬಂದು ಮಾಡತೊಡಗಿದೆ. ಈರುಳ್ಳಿ ಹೆಚ್ಚುತ್ತಿದ್ದ ಉಮ್ಮ ಹೊತ್ತಾಯಿತೆಂದರೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಮೆಟ್ಟುಗತ್ತಿ ಮಡಚಿಟ್ಟು, ಕೈಕಾಲು ತೊಳೆದು ನಮಾಜಿಗೆ ನಿಲ್ಲುತ್ತಿದ್ದರು. ಮುಗಿಸಿ ಬಂದು ಅದೇ ಮಾತನ್ನು ಬಿಟ್ಟ ಕಡೆಯಿಂದಲೇ ಎತ್ತಿಕೊಳ್ಳುತ್ತಿದ್ದರು. ನನಗೆ ಅದು ಬಹಳ ಹಿಡಿಸಿತು. ನನ್ನ ಪ್ರಾರ್ಥನೆಗಳು ಹಾಗಿರಲಿಲ್ಲ. ಕಳೆದುಹೋದ ಬೀಗದಕೈಗೆ ಒಬ್ಬ ಸಂತ, ಗಂಟಲ ನೋವಿಗೆ ಇನ್ನೊಬ್ಬ, ಮಗಳ ಹೆರಿಗೆಗೆ ಮಾತೆ. ಎಲ್ಲರೂ ನನಗೆ ಆತ್ಮೀಯರೇ, ಅವರ ಬಗ್ಗೆ ಇಂದಿಗೂ ನನಗೆ ಹಗುರವಾದ ಮಾತಿಲ್ಲ. ಆದರೂ ಕಚೇರಿಯ ಹೊರಗೆ ಗುಮಾಸ್ತರ ಕೈಯಲ್ಲಿ ಹೇಳಿಕಳುಹಿಸುತ್ತ ಕೂತಂತೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಚಿಕ್ಕಂದಿನಲ್ಲಿ ಒಮ್ಮೆ ಹೊಲಿಗೆಯ ತರಗತಿಯಲ್ಲಿ, ದೇವರು ಒಬ್ಬನೇ ಆದರೆ ಮೂವರು ಹೇಗೆ ಎಂದು ಸಿಸ್ಟರನ್ನು ಕೇಳಿದ್ದೆ. ಅವರು ಸಿಟ್ಟು ಮಾಡಲಿಲ್ಲ. "ಹೊಲಿಗೆ ನೋಡು ಮಗೂ, ಹೊಲಿಗೆ ತಪ್ತಾ ಇದೆ" ಎಂದರು. ನಾನು ಮತ್ತೆ ಕೇಳಲಿಲ್ಲ. ಪ್ರಶ್ನೆ ಮಾತ್ರ ಒಳಗೆಲ್ಲೋ ಉಳಿದುಕೊಂಡಿತ್ತು.

ಹೊಸನಗರದಿಂದ ಸಾಗರಕ್ಕೆ ಬಂದ ಮೇಲೆ ನಮ್ಮವರು ಬಹಳ ದಿನ ಬದುಕಲಿಲ್ಲ. ಎದೆನೋವು ಬಂದು, ಆಸ್ಪತ್ರೆಗೆ ಹೋಗಿ, ಬರುವಾಗ ಹೆಣವಾಗಿ ಬಂದರು. ಸುದ್ದಿ ಕೇಳಿ ಉಮ್ಮ ಬಸ್ಸಿನಲ್ಲಿ ಬಂದು ನನ್ನ ಜೊತೆ ಕೆಲವು ದಿನ ಉಳಿದರು. ಸಮಾಧಾನದ ಮಾತು ಅವರು ಹೆಚ್ಚೇನೂ ಆಡಲಿಲ್ಲ. ಗಂಜಿ ಬೇಯಿಸಿದರು, ನೀರು ಕಾಯಿಸಿದರು, ಹೊತ್ತಿಗೆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ನಮಾಜು ಮಾಡಿದರು. ಒಂದು ಮಧ್ಯಾಹ್ನ, ಯಾಕೆ ಎಂದು ನನಗೇ ತಿಳಿಯದೆ, ನಾನು ಹೋಗಿ ಅವರ ಪಕ್ಕ ನಿಂತೆ. ಅವರು ಬಾಗಿದಾಗ ಬಾಗಿದೆ. ಅವರು ಹಣೆ ನೆಲಕ್ಕೆ ಇಟ್ಟಾಗ ನಾನೂ ಇಟ್ಟೆ. ಕಾವಿ ಹಾಕಿದ ನೆಲ ತಣ್ಣಗಿತ್ತು. ನಾನು ದೇವರಲ್ಲಿ ಏನನ್ನೂ ಕೇಳಿಕೊಳ್ಳಲಿಲ್ಲ. ನಮ್ಮವರು ತೀರಿಕೊಂಡ ಮೇಲೆ ನನ್ನ ತಲೆಯ ಭಾರವನ್ನು ನಾನೇ ಹೊರದೆ ಇದ್ದದ್ದು ಅದೇ ಮೊದಲು. ಉಮ್ಮ ಎದ್ದು ನನ್ನ ಮುಖ ನೋಡಿದರು. "ಚಾ ಮಾಡ್ತೇನೆ" ಎಂದು ಒಳಗೆ ಹೋದರು. ಬಾ ಎಂದು ಅವರು ಯಾವತ್ತೂ ಕರೆಯಲಿಲ್ಲ.

ಆಮೇಲೆ ವರ್ಷಗಳೇ ಹಿಡಿದವು. ಉಮ್ಮನ ಅಳಿಯ ಮಂಗಳೂರಿನಿಂದ ಕುರಾನಿನ ಇಂಗ್ಲಿಷ್ ಅನುವಾದ ತಂದುಕೊಟ್ಟ. ಕಾನ್ವೆಂಟಿನ ಇಂಗ್ಲಿಷ್ ಇಂಥದ್ದಕ್ಕೆ ಬಳಕೆಯಾದೀತೆಂದು ಸಿಸ್ಟರುಗಳು ಅಂದುಕೊಂಡಿರಲಿಕ್ಕಿಲ್ಲ. ನಿಧಾನವಾಗಿ ಓದಿದೆ. ಯೇಸುವಿನ ತಾಯಿ ಮರ್ಯಮ್ ಅಲ್ಲಿದ್ದಳು, ಖರ್ಜೂರದ ಮರದಡಿ ಒಬ್ಬಳೇ ಹೆರಿಗೆಯ ನೋವು ತಿನ್ನುತ್ತ. ಯೇಸುವೂ ಈಸಾ ಎಂಬ ಹೆಸರಿನಲ್ಲಿ ಇದ್ದರು, ದೇವರ ಮಗನಾಗಿ ಅಲ್ಲ, ದೇವರು ಕಳಿಸಿದವರಾಗಿ. ಚಿಕ್ಕಂದಿನ ನನ್ನ ಪ್ರಶ್ನೆಗೆ ಅಲ್ಲಿ, ದೇವರು ಒಬ್ಬನೇ ಎಂಬ, ಮೂಲೆಯಿಲ್ಲದ ಉತ್ತರ ಸಿಕ್ಕಿತು. ಹಾಗೆಂದು ಬಿಟ್ಟುಬರುವುದು ಸುಲಭವಾಗಿರಲಿಲ್ಲ. ಸಂಜೆಯ ಜಪಸರ, ಧೂಪದ ವಾಸನೆ, ಕ್ರಿಸ್‌ಮಸ್ಸಿನ ಹಾಡು, ಇವೆಲ್ಲ ನನ್ನ ಮೈಯಲ್ಲೇ ಇದ್ದವು, ಈಗಲೂ ಇವೆ. ಅದೇ ಕಾಲಕ್ಕೆ ಇಗರ್ಜಿಯಲ್ಲಿ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು. ಎಲ್ಲರಿಗೂ ಎಲ್ಲ ಅರ್ಥವಾಗತೊಡಗಿದ ಹೊತ್ತಿನಲ್ಲಿ ನಾನು ಅರಬ್ಬಿ ಬಾಯಿಪಾಠ ಮಾಡುತ್ತಿದ್ದೆ.

ಕಲಿಮಾ ಹೇಳಿದ ದಿನ ಉಮ್ಮನ ಯಜಮಾನರು ಎದುರಿಗೆ ಕೂತಿದ್ದರು. ತಲೆಯ ಮೇಲೆ ನಾನು ಹೆಣೆದ ಟೋಪಿ. ಒಗೆದು ಒಗೆದು ಹಳದಿಯಾಗಿತ್ತು, ಸಣ್ಣದಾಗಿರಲಿಲ್ಲ.

ಮರುದಿನವೇ ಸಾಗರಕ್ಕೆ ಬಂದು, ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿದ ಆಲ್ತಾರಿನ ಬಟ್ಟೆಗಳನ್ನು ಪಾದ್ರಿಗಳಿಗೆ ಒಪ್ಪಿಸಿ ವಿಷಯ ಹೇಳಿದೆ. ವಯಸ್ಸಾದವರು. ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿದರು.

"ನನಗೆ ದುಃಖ ಆಗಿದೆ. ಆಗಿಲ್ಲ ಅಂತ ಹೇಳಲಾರೆ" ಎಂದರು. "ನಿಮಗಾಗಿ ಪ್ರಾರ್ಥನೆ ಮಾಡ್ತೇನೆ. ಬೇಡ ಅನ್ನಬೇಡಿ."

"ಬೇಡ ಅನ್ನಲ್ಲ ಫಾದರ್. ನಾನೂ ನಿಮಗಾಗಿ ಮಾಡ್ತೀನಿ."

"ಮಗಳಿಗೆ ಹೇಳಿದ್ರಾ?"

ಇಲ್ಲ ಎಂದೆ. ಅವರು ತಲೆಯಾಡಿಸಿ, ತಾನು ಯಾರಿಗೂ ಹೇಳುವುದಿಲ್ಲ, ಅದು ನೀವೇ ಹೇಳಬೇಕಾದದ್ದು ಎಂದರು.

ಮಗಳು ಬಂದಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ಕೈಯಲ್ಲಿ ಮೇಣದಬತ್ತಿಯ ಕಟ್ಟು, ತಲೆಯಲ್ಲಿ ಬಸ್ಸಿನ ಕೆಂಪು ಧೂಳು. ನೀರುದೋಸೆಯನ್ನು ಕಾಯಿಬೆಲ್ಲದ ಜೊತೆ ತಿನ್ನುತ್ತ ತನ್ನ ಮನೆಯ ಸುದ್ದಿಯನ್ನೆಲ್ಲ ಹೇಳಿದಳು. ನಾವು ಮನೆಯಲ್ಲಿ ಆಡುವುದು ಕೊಂಕಣಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. "ಕ್ರಿಸ್‌ಮಸ್ಸಿಗೆ ಈ ಸಲ ಒಂದು ವಾರ ಮೊದಲೇ ಬಾ ಮಾಂಯ್. ಹಂದಿ ಮಾಂಸಕ್ಕೆ ನೀನು ಮಸಾಲೆ ಅರೆದರೇನೇ ಅವರಿಗೆ ಸರಿ. ಹೋದ ವರ್ಷ ನೀನು ಹೊಟ್ಟೆ ಸರಿಯಿಲ್ಲ ಅಂತ ಮುಟ್ಟಲೇ ಇಲ್ಲ" ಎಂದಳು. ನಾನು ಅವಳ ಬಟ್ಟಲಿಗೆ ಇನ್ನೊಂದು ದೋಸೆ ಹಾಕಿದೆ. ಕುರ್ಚಿಯ ಮೇಲಿನ ಚಾಪೆಯನ್ನು ಅವಳು ನೋಡಿದಳು, ಎತ್ತಿ ಪಕ್ಕಕ್ಕಿಟ್ಟು ಅದೇ ಕುರ್ಚಿಯಲ್ಲಿ ಕೂತು ಕೂದಲು ಬಾಚಿಕೊಂಡಳು.

ಇಗರ್ಜಿಯ ಬಾಗಿಲಲ್ಲಿ ನಾನು ನಿಂತೆ. "ನೀನು ಪೂಜೆ ಮುಗಿಸಿ ಬಾ. ನಾನು ಅಷ್ಟರಲ್ಲಿ ಕಲ್ಲು ತೊಳೆದಿರ್ತೀನಿ."

"ಒಳಗೆ ಬರಲ್ವಾ?"

"ಪಾಚಿ ಬಹಳ ಇದೆ" ಎಂದೆ. ಅದು ಸುಳ್ಳಾಗಿರಲಿಲ್ಲ. ಮಳೆಗಾಲ ಕಳೆದ ಮೇಲೆ ಸಮಾಧಿಗಳೆಲ್ಲ ಹಸಿರಾಗಿರುತ್ತವೆ.

ತೆಂಗಿನ ಸಿಪ್ಪೆಯಿಂದ ತಿಕ್ಕುತ್ತ ಕೂತೆ. ನಮ್ಮವರ ಕಲ್ಲು ಕಪ್ಪು ಕಲ್ಲು, ಅಗಲವಾದದ್ದು. ಎಡಗಡೆ ಅವರ ಹೆಸರಿದೆ. ಬಲಗಡೆ ಖಾಲಿ. ಕಲ್ಲು ಕೆತ್ತಿದವನು ತಂದು ನಿಲ್ಲಿಸಿದ ದಿನ ನನ್ನನ್ನು ಕರೆದು, "ನಿಮ್ ಹೆಸರಿಗೆ ಜಾಗ ಬಿಟ್ಟಿದೀನಿ ಅಮ್ಮ, ಎಷ್ಟು ಉದ್ದ ಇದ್ರೂ ಹಿಡಿಸ್ತದೆ" ಎಂದು ಖುಷಿಯಿಂದ ಹೇಳಿದ್ದ. ನೆಲದಲ್ಲೂ ಹಾಗೇ, ಪಕ್ಕದ ಜಾಗ ನನಗೆಂದು ಬಿಟ್ಟದ್ದು. ಅಲ್ಲಿ ನಾಚಿಕೆಮುಳ್ಳು ಬೆಳೆದಿತ್ತು. ಪ್ರತಿ ವರ್ಷ ಕೀಳುತ್ತಿದ್ದಂತೆ ಕಿತ್ತೆ.

ಪೂಜೆ ಬಿಟ್ಟು ಜನ ಬರತೊಡಗಿದರು. ಮಗಳು ನನ್ನ ಪಕ್ಕ ಕೂತು ಸೇವಂತಿಗೆ ಇಟ್ಟಳು, ಗಾಳಿಗೆ ಸೆರಗು ಅಡ್ಡ ಹಿಡಿದು ಮೇಣದಬತ್ತಿ ಹಚ್ಚಿದಳು. ಪ್ರಾರ್ಥನೆ ಮುಗಿಸಿ ಶಿಲುಬೆಯ ಗುರುತು ಮಾಡಿಕೊಂಡಳು. ನನ್ನ ಕೈ ಮಡಿಲಲ್ಲೇ ಇತ್ತು. ಅದನ್ನು ಅವಳು ಗಮನಿಸಿದಳು.

"ಏನಾಯ್ತು ಮಾಂಯ್?"

ಹೇಳಿದೆ. ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಇಷ್ಟೇ: "ಹೋದ ವಾರ ಉಮ್ಮನ ಮನೆಯಲ್ಲಿ ನಾನು ಮುಸಲ್ಮಾನಳಾದೆ. ಯಾರೂ ಒತ್ತಾಯ ಮಾಡಲಿಲ್ಲ. ನನಗೇ ಬೇಕಾಗಿತ್ತು."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಅಂಗೈಯಿಂದ ಕಲ್ಲಿನ ಖಾಲಿ ಅರ್ಧವನ್ನು ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಅಪ್ಪ ಇಲ್ಲಿ ಒಬ್ರೇ ಇರ್ಬೇಕಾ ಹಾಗಾದ್ರೆ?"

ನನ್ನನ್ನು ಎಷ್ಟೋ ದಿನದಿಂದ ತಿನ್ನುತ್ತಿದ್ದದ್ದೂ ಇದೇ. 

"ಹೊಸನಗರದಲ್ಲಿದ್ದಾಗ ರಸ್ತೆ ಕೆಲಸದ ಮೇಲೆ ಅವರು ವಾರಗಟ್ಟಲೆ ಕ್ಯಾಂಪಿನಲ್ಲಿ ಇರ್ತಿದ್ದರು. ನಾನು ಒಬ್ಬಳೇ ಇರ್ತಿದ್ದೆ. ಬಂದಾಗ ಯಾವತ್ತೂ ನನ್ನನ್ನು ಏನೂ ಕೇಳಲಿಲ್ಲ" ಎಂದೆ. "ಅವರಿಗೆ ತಿಳಿಯುತ್ತೆ ಅನ್ಸುತ್ತೆ. ನನಗೆ ಖಂಡಿತ ಗೊತ್ತಿಲ್ಲ."

"ನಿನಗೇ ಗೊತ್ತಿಲ್ಲ."

"ಅದು ಗೊತ್ತಿಲ್ಲ. ಉಳಿದದ್ದು ಗೊತ್ತಿದೆ."

ಅವಳು ಎದ್ದು ನಿಂತಳು. "ಇನ್ನು ನಮ್ಮ ಮನೇಲಿ ಊಟನೂ ಮಾಡಲ್ವಾ ನೀನು?"

"ಯಾಕೆ ಮಾಡಲ್ಲ? ಹಂದಿ ತಿನ್ನಲ್ಲ. ಕೋಳಿ, ಕುರಿ ಆದ್ರೆ ನಮ್ಮವರು ದೇವರ ಹೆಸರು ಹೇಳಿ ಕೊಯ್ದದ್ದು ಆಗ್ಬೇಕು. ಅದೂ ಬೇಡ, ನನಗೊಂದು ಸಾರು ಅನ್ನ ಸಾಕು."

"ನಮ್ಮವರು" ಎಂದು ಅವಳು ನನ್ನ ಮಾತನ್ನೇ ಮೆಲ್ಲಗೆ ತಿರುಗಿಸಿ ಹೇಳಿದಳು. ನಾನು ಆಡುವಾಗ ಆ ಪದ ನನ್ನ ಗಮನಕ್ಕೆ ಬಂದಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಇಬ್ಬರ ತಲೆಯ ಮೇಲೂ ಸೆರಗಿತ್ತು, ಇಗರ್ಜಿಗೆ ಹೋಗುವಾಗ ಹಾಕಿಕೊಂಡದ್ದು. ಎದುರು ಬಂದವರೊಬ್ಬರು ಎಂದಿನಂತೆ ನಕ್ಕು ಹೋದರು. ನಮ್ಮಲ್ಲಿ ಏನು ಬದಲಾಗಿದೆಯೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಮಗಳು ಮನೆಯಲ್ಲಿದ್ದಾಗ ಹೇಗೆ ಎಂದು ಒಂದು ಗಳಿಗೆ ಅಳುಕಿ, ಆಮೇಲೆ ಕೈಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಅವಳು ಹಿತ್ತಲಿಗೆ ಇಳಿದಿದ್ದಳು. ನಿಂತು, ಬಾಗಿ, ಹಣೆ ನೆಲಕ್ಕಿಟ್ಟಾಗ ಹೊರಗಿನಿಂದ ಅವಳ ದನಿಯೂ ಪಕ್ಕದ ಮನೆಯಾಕೆಯ ದನಿಯೂ ಕೇಳುತ್ತಿದ್ದವು. ಮಾತು ತಿಳಿಯುತ್ತಿರಲಿಲ್ಲ, ಕೋಳಿಗಳ ಗಲಾಟೆ ನಡುವೆ ಬರುತ್ತಿತ್ತು. ನನ್ನ ವಿಷಯವನ್ನು ಹೇಳಿಕೊಂಡು ಅಳುತ್ತಿದ್ದಾಳೆ ಎಂದುಕೊಂಡೆ. ಅವತ್ತು ನಮಾಜಿನಲ್ಲಿ ಮನಸ್ಸು ನಿಲ್ಲಲಿಲ್ಲ. ಮುಗಿಸಿ ಬಂದಾಗ ಅವಳು ಅಡುಗೆಮನೆಯಲ್ಲಿ ತಟ್ಟೆ ಹಾಕುತ್ತಿದ್ದಳು. ಕಣ್ಣು ಒದ್ದೆಯಿರಲಿಲ್ಲ. ಊಟಕ್ಕೆ ಮೊದಲು ಅವಳು ತನ್ನ ಪ್ರಾರ್ಥನೆ ಹೇಳಿಕೊಂಡಳು. ನಾನು ಬಿಸ್ಮಿಲ್ಲಾ ಎಂದೆ, ಮೆಲ್ಲಗೆ. ಉಪ್ಪು, ಮಜ್ಜಿಗೆ, ಇನ್ನು ಸ್ವಲ್ಪ ಅನ್ನ, ಇಷ್ಟೇ ನಮ್ಮ ಮಾತು.

ಬಸ್‌ಸ್ಟ್ಯಾಂಡಿಗೆ ಜೊತೆಯಲ್ಲೇ ಹೋದೆ. ನಮ್ಮಲ್ಲಿ ಮಕ್ಕಳು ಹೊರಡುವಾಗ ಹಿರಿಯರ ಮುಂದೆ ತಲೆ ಬಗ್ಗಿಸಿ "ಬೆಸಾಂವ್" ಕೇಳುತ್ತಾರೆ, ಎಂದರೆ ಆಶೀರ್ವಾದ. ಹಿರಿಯರು ಹೆಬ್ಬೆರಳಿನಿಂದ ಅವರ ಹಣೆಯ ಮೇಲೆ ಶಿಲುಬೆ ಬರೆದು, ದೇವರು ಒಳ್ಳೆಯದು ಮಾಡಲಿ ಎನ್ನುತ್ತಾರೆ. ಅವಳು ಕೂಸಾಗಿದ್ದಾಗಿನಿಂದ ಒಂದು ಸಲವೂ ಅದು ತಪ್ಪಿರಲಿಲ್ಲ. ಅವಳು ಕೇಳಿದರೆ ನನ್ನ ಹೆಬ್ಬೆರಳು ಏನು ಮಾಡಬೇಕು ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಅಂಗೈ ಪೂರ್ತಿ ತಲೆಯ ಮೇಲಿಟ್ಟರೆ ಆಯಿತು ಎಂದು ಕೊನೆಗೆ ತೀರ್ಮಾನಿಸಿದೆ.

ಅವಳು ಕೇಳಲಿಲ್ಲ. ಚೀಲ ಎತ್ತಿಕೊಂಡು ನೇರ ಹತ್ತಿದಳು. ಕಿಟಕಿಯ ಪಕ್ಕ ಕೂತು ಹೊರಗೆ ನೋಡದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕಂಡಕ್ಟರ್ "ಹೊಸನಗರ, ತೀರ್ಥಳ್ಳಿ" ಎಂದು ಕೂಗಿ ಬಾಗಿಲು ಬಡಿದ. ಎಂಜಿನ್ ಶುರುವಾಗಿ ಇಡೀ ಬಸ್ಸು ನಡುಗತೊಡಗಿತು. ಆಗ ಅವಳು ತಿರುಗಿ ನನ್ನನ್ನು ನೋಡಿ ಏನೋ ಅಂದಳು.

ಕೊಂಕಣಿಯಲ್ಲಿ "ಯೆತಾಂ" ಎಂದರೆ ಬರುತ್ತೇನೆ, "ವೆತಾಂ" ಎಂದರೆ ಹೋಗುತ್ತೇನೆ. ಮೊದಲ ಅಕ್ಷರವಷ್ಟೇ ಬೇರೆ. ಮನೆಯಿಂದ ಹೊರಡುವವರು ಯಾವಾಗಲೂ ಯೆತಾಂ ಎನ್ನುತ್ತಾರೆ. ಇನ್ನು ಬರುವುದಿಲ್ಲ ಎನ್ನುವ ಸಿಟ್ಟಿದ್ದರೆ ಮಾತ್ರ ವೆತಾಂ. ನನಗೆ ಕೇಳಿಸಿದ್ದು ಕೊನೆಯ "ತಾಂ" ಒಂದೇ. ಮೊದಲ ಅಕ್ಷರವನ್ನು ಎಂಜಿನ್ ಸದ್ದು ನುಂಗಿಬಿಟ್ಟಿತು. ಏನಂದೆ ಎಂದು ಕೇಳಲು ಕೈ ಎತ್ತುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು.

ಮನೆಗೆ ಬಂದು ತಟ್ಟೆ ತೊಳೆದೆ. ದೋಸೆ ಹಿಟ್ಟು ಒಂದು ಸೌಟಿನಷ್ಟು ಉಳಿದಿತ್ತು, ಹುಯ್ದು ಮುಚ್ಚಿಟ್ಟೆ. ಕುರ್ಚಿಯ ಮೇಲೆ ಅವಳ ಬಾಚಣಿಗೆ ಹಾಗೇ ಇತ್ತು. ಬೇಕೆಂದೇ ಬಿಟ್ಟುಹೋದಳೋ ಮರೆತಳೋ ಎಂದು ಅದನ್ನೂ ಬಹಳ ಹೊತ್ತು ನೋಡಿದೆ. ಬಸ್ಸು ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕಿದೆ. ಅವಳು ಮನೆ ಮುಟ್ಟಿ ಗಂಡನಿಗೆ ಹೇಗೆ ಹೇಳುತ್ತಾಳೆ, ಅತ್ತೆ ಏನೆನ್ನುತ್ತಾರೆ ಎಂದೆಲ್ಲ ಮನಸ್ಸು ತಾನೇ ಮುಂದೆ ಓಡಿತು. ಸಂಜೆಯ ನಮಾಜಿನಲ್ಲಿ ಮೊದಲ ಬಾರಿಗೆ ನಾನು ದೇವರಲ್ಲಿ ಒಂದನ್ನು ಕೇಳಿಕೊಂಡೆ. ಏನೆಂದು ಬರೆಯಬೇಕಾಗಿಲ್ಲ.

ಹೊರಗೆ ಒಣಹಾಕಿದ್ದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಬೆಳಕು ಇಳಿಯುತ್ತಿತ್ತು. ಬೇಲಿಯಾಚೆ ಪಕ್ಕದ ಮನೆಯಾಕೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚುತ್ತಿದ್ದಳು. ಕೆಂಪು ಹುಂಜ ಮಾತ್ರ ಸಿಗದೆ ಬೇಲಿಯುದ್ದಕ್ಕೂ ಓಡುತ್ತಿತ್ತು.

"ಬಾಯಮ್ಮಾ, ಹೊರಟ್ಲಾ ಮಗಳು?"

"ಹೊರಟ್ಲು."

"ನಿಮ್ ಹಬ್ಬಕ್ಕೆ ಅಂತ ಇದೇ ಹುಂಜ ಹೇಳಿ ಹೋದ್ಲು ನೋಡಿ ಮಧ್ಯಾಹ್ನ. ಈ ಸಲ ಹಂದಿ ಮಾಡಲ್ವಂತೆ, ಅಮ್ಮ ಬರುವಾಗ ಕೈಲಿ ಕೊಟ್ಟು ಕಳ್ಸಿ ಅಂದ್ಲು." ಅವಳು ಹುಂಜದ ಕಾಲಿಗೆ ಕೈ ಹಾಕಿ ಹಿಡಿದು, ಅದು ರೆಕ್ಕೆ ಬಡಿಯುತ್ತಿದ್ದಂತೆಯೇ ಬುಟ್ಟಿಯೊಳಕ್ಕೆ ತಳ್ಳಿದಳು. "ನಮ್ಮನೆಯವ್ರೇ ಕೊಯ್ದು ಕೊಡ್ತಾರೆ ಕಣೇ, ಬಸ್ಸಲ್ಲಿ ಜೀವಂತ ಹುಂಜ ಎಂತಕ್ಕೆ ಅಂದ್ರೆ ಬೇಡ್ವೇ ಬೇಡ ಅಂತಾಳೆ. ತೀರ್ಥಳ್ಳೀಲಿ ಬ್ಯಾರಿ ಹತ್ರಾನೇ ಕೊಯ್ಸ್ಬೇಕಂತೆ. ಯಾಕೆ ಬಾಯಮ್ಮಾ, ನಮ್ಮನೆ ಕತ್ತಿ ಎಂತ ಮೊಂಡು ಬಿದ್ದಿದ್ಯಾ?"